ಬಿಳಿ ಒಂದರ ಮಾಸ್ತರರು

ಸ್ನಾನದ ಮನೆಯಲ್ಲಿ ಹಾಡದವನು ಮನುಷ್ಯನೇ ಅಲ್ಲ ಎಂದು ನೀವು ವಾದಿಸುವವರಾದರೆ, ಕಳೆದ ವಾರದವರೆಗೂ ನನ್ನನ್ನು ಮನುಷ್ಯಕುಲದಿಂದ ಹೊರಗೇ ಇಡಬೇಕಾಗಿತ್ತು. ಬಿಸಿನೀರು, ಏಕಾಂತ, ಪ್ರತಿಧ್ವನಿ ಎಲ್ಲವೂ ಸಿದ್ಧವಿದ್ದರೂ ನನ್ನ ಗಂಟಲು ಮಾತ್ರ ಮೂವತ್ತು ವರ್ಷ ಮೌನವ್ರತ ಹಿಡಿದಿತ್ತು.

ಕಾರಣ, ಭಾಲ್ಕಿಯ ನಮ್ಮ ಕ್ರೈಸ್ತ ದೇವಾಲಯದ ಹಾರ್ಮೋನಿಯಂ, ನಮ್ಮ ಕಡೆಯವರ ಬಾಯಲ್ಲಿ ಪೇಟಿ. ಅದನ್ನು ನುಡಿಸುತ್ತಿದ್ದವರು ಶಾಲೆಯಲ್ಲಿ ನಮಗೆ ಸಂಗೀತ ಕಲಿಸುತ್ತಿದ್ದ ಸಾಮುವೇಲ ಮಾಸ್ತರರು. ವಾರವಿಡೀ ಮಕ್ಕಳಿಗೆ ಸರಿಗಮ, ಸಂಜೆ ಮನೆಗೆ ತರಕಾರಿ, ಭಾನುವಾರ ದೇವರಿಗೆ ಸ್ತುತಿ. ಇಷ್ಟರಲ್ಲೇ ತುಂಬಿಹೋದ ಬದುಕು. ಅವರ ಹೆಂಡತಿ ರೂತಬಾಯಿ ಹೆಂಗಸರ ಮೊದಲ ಸಾಲಿನಲ್ಲಿ ಕೂತು ಹಾಡುತ್ತಿದ್ದರು. ಮಾಸ್ತರರದು ಒಂದೇ ಹಟ: ಯಾವ ಹಾಡಾದರೂ ಷಡ್ಜ ‘ಬಿಳಿ ಒಂದ’ರಲ್ಲೇ, ಅಂದರೆ ಪೇಟಿಯ ಮೊದಲ ಬಿಳಿ ಕೀಲಿಯ ತಗ್ಗಿನ ಶ್ರುತಿಯಲ್ಲೇ. ಗಂಡಸರ ದನಿ ಬಾವಿಯೊಳಗಿಂದ ಬರುತ್ತಿತ್ತು. ಕಮಲನಗರದ ನೆಂಟರೊಬ್ಬರು, ಭಾಲ್ಕಿಯವರು ನಿದ್ದೆಗಣ್ಣಿನಲ್ಲೇ ದೇವರನ್ನು ಸ್ತುತಿಸುತ್ತಾರೆಂದು ನಕ್ಕಿದ್ದೂ ಉಂಟು.

ಶಿಷ್ಯೋತ್ತಮನೆಂದು ನನ್ನನ್ನು ನಾನೇ ನೇಮಿಸಿಕೊಂಡಿದ್ದ ನನಗೆ ಇದು ಸಹ್ಯವಾಗಲಿಲ್ಲ. ಜೋಳದ ತೆನೆ, ಕುಂಬಳಕಾಯಿಗಳೆಲ್ಲ ವೇದಿಕೆಯ ಮುಂದೆ ರಾಶಿಬಿದ್ದಿದ್ದ ಸುಗ್ಗಿ ಹಬ್ಬದ ಆರಾಧನೆಯಲ್ಲಿ, ಮೊದಲ ಬಾರಿಗೆ ಅವರು ಪೇಟಿಯನ್ನು ನನಗೆ ಬಿಟ್ಟುಕೊಟ್ಟರು. ನಾನು ಬಿಳಿ ನಾಲ್ಕರ ಏರುಶ್ರುತಿಯಿಂದ ಹಿಡಿದೆ. ಮೊದಲ ಚರಣ ರಂಗೇರಿತು. ಎರಡನೆಯದರಲ್ಲಿ ರೂತಬಾಯಿಯವರ ದನಿ ಒಡೆದು ನಿಂತಿತು, ಅವರು ಸೆರಗನ್ನು ಬಾಯಿಗೆ ಹಿಡಿದು ಕೆಮ್ಮಿದರು. ಮಾಸ್ತರರು ಎದ್ದು ಬಂದು, ನನ್ನ ಕೈ ಸರಿಸಿ, ಹಾಡನ್ನು ಬಿಳಿ ಒಂದಕ್ಕೆ ಇಳಿಸಿದರು. ಇಡೀ ಸಭೆಯೆದುರು ನಾನು ಬೇಸುರನೆಂದು ಸಾಬೀತಾಯಿತೆಂದುಕೊಂಡು, ಮತ್ತೆ ಪೇಟಿಯ ಹತ್ತಿರ ಸುಳಿಯಲಿಲ್ಲ. ಔರಾದಿನಲ್ಲಿ ಗಣಿತದ ಮಾಸ್ತರನಾದೆ. ಅಲ್ಲಿ ನಾಲ್ಕೆಂದರೆ ಯಾರಿಗೂ ಕೆಮ್ಮು ಬರುವುದಿಲ್ಲ.

ಕಳೆದ ವಾರ ಬೀದರಿನ ನೌಬಾದದಲ್ಲಿ, ಮಾಸ್ತರರ ಮಗಳ ಮನೆಯಲ್ಲಿ, ಅಗಲಿದ ಅವರ ಸ್ಮರಣೆಯ ಕೂಟವಿತ್ತು. ಹಿಂದಿನ ಸಾಲಿನ ಕುರ್ಚಿ ಹುಡುಕುತ್ತಿದ್ದ ನನ್ನನ್ನು ರೂತಬಾಯಿಯವರು ಹೆಸರು ಹಿಡಿದು ಕರೆದು ಪೇಟಿ ತೋರಿಸಿದರು. ನಾನು ಅಂದಿನ ಅಪರಾಧವನ್ನು ನೆನಪಿಸಿ, ಕ್ಷಮೆ ಕೇಳಿ, ನುಣುಚಿಕೊಳ್ಳಲು ನೋಡಿದೆ. ಅವರು ಕುತ್ತಿಗೆಯ ಹಳೆಯ ಹೊಲಿಗೆಯ ಗುರುತಿನ ಮೇಲೆ ಬೆರಳಿಟ್ಟರು.

“ನಿನ್ನ ಸುರ ಸರಿನೇ ಇತ್ತಪ್ಪಾ. ಈ ಆಪರೇಷನ್ ಆದಮ್ಯಾಲ ನನ್ನ ದನಿನೇ ಮ್ಯಾಲ ಏರ್ತಿರ್ಲಿಲ್ಲ. ನಾ ಹಾಡೋದು ಬಿಡಬಾರ್ದಂತ ಅವರು ಪೂರಾ ಸಭಾನೇ ಕೆಳಗ ಇಳಿಸಿದ್ರು. ಯಾರಿಗೂ ಹೇಳಬ್ಯಾಡ್ರಿ ಅಂತ ನಾನೇ ಅಂದಿದ್ದೆ.”

ಹಾಗಾದರೆ ಆಮೇಲೆ ನನ್ನನ್ನೇಕೆ ಕರೆಯಲಿಲ್ಲವೆಂದು ಕೇಳಿದೆ.

“ಎರಡು ಐತ್ವಾರ ಆರಾಧನಿ ಹೊತ್ನಾಗ ಪೇಟಿ ಮುಂದ ನಿನಗ ಜಾಗಾ ಬಿಟ್ಟು ಕುಂತಿದ್ರು. ನೀನೇ ಬರ್ಲಿಲ್ಲ.”

ನಾಚಿಕೆಯಾಯಿತು, ಕಣ್ಣೂ ತುಂಬಿತು. ಆದರೆ ನಿಜ ಹೇಳುತ್ತೇನೆ, ಎಲ್ಲಕ್ಕಿಂತ ಹೆಚ್ಚಾಗಿ ಹಾಯೆನಿಸಿತು. ಪೇಟಿಯ ಮುಂದೆ ಕೂತು ಬಿಳಿ ಒಂದರಿಂದ ಹಿಡಿದೆ. ಗಂಡಸರೆಲ್ಲ ವಾಡಿಕೆಯಂತೆ ಬಾವಿಗಿಳಿದರು. ರೂತಬಾಯಿಯವರು ಕೊನೆಯ ಚರಣದವರೆಗೂ ಎಲ್ಲಿಯೂ ನಿಲ್ಲದೆ ಹಾಡಿದರು.

ಮರುದಿನ ಸ್ನಾನದ ಮನೆಯಲ್ಲಿ ಅದೇ ಹಾಡನ್ನು ನನ್ನ ಪ್ರೀತಿಯ ಬಿಳಿ ನಾಲ್ಕರಿಂದ ಎತ್ತಿಕೊಂಡೆ. ನೀರು ನಿಂತಿತೇ ಎಂದು ಹೆಂಡತಿ ಹೊರಗಿನಿಂದ ವಿಚಾರಿಸಿದಳು. ಹಾಡುತ್ತಿದ್ದೇನೆ ಎಂದೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅವಳ ದನಿಯೂ ಜೊತೆಗೂಡಿತು. ಎರಡನೆಯ ಚರಣದಲ್ಲಿ ಏರಲಾರದೆ ತಡವರಿಸಿತು. ನಾನು ಬಿಳಿ ಒಂದಕ್ಕೆ ಇಳಿದೆ.