ಸೋತ ವಾದ ಮೊದಲು

…ಅಥವಾ ಅದು ಲಂಡನ್ನಿನ ಗ್ರೀನ್‌ಫರ್ಡಿನ ಮನೆಯಲ್ಲ, ಅದಕ್ಕೂ ಮೊದಲಿದ್ದ ಮನೆಯೇ ಇರಬಹುದು. ಇಲ್ಲ, ಗ್ರೀನ್‌ಫರ್ಡೇ. ತೊಂಬತ್ತರ ದಶಕದ ಕೊನೆ. ಕೆಳಗಿನ ಫ್ಲ್ಯಾಟಿನಲ್ಲಿ ಒಬ್ಬ ಯಹೂದಿ ಹಿರಿಯರು, ಮೇಲೆ ನಾನು ಮತ್ತು ಅಮ್ಮ. ಹೊರಗೆ ಮಂಜಿತ್ತು ಎಂದು ಬರೆಯಲು ಕೈ ಹೋಗುತ್ತದೆ. ನೆನಪಿಲ್ಲ, ಬರೆಯುವುದಿಲ್ಲ.

ಅವರ ಗೆಳೆಯರೊಬ್ಬರು ತೀರಿಕೊಂಡಿದ್ದರು. ಅದಕ್ಕೆ ಮೊದಲು ಇಬ್ಬರೂ ಕೂತು ಸುಮಾರು ಎರಡು ಸಾವಿರ ವರ್ಷ ಹಿಂದಿನ ರಬ್ಬಿಗಳ ವಾದಗಳನ್ನು ಓದುತ್ತಿದ್ದರು. ಜೆರುಸಲೇಮಿನ ದೇವಾಲಯ ಬಿದ್ದ ಮೇಲೆ ಯಹೂದಿಗಳ ಬದುಕನ್ನು ಹಿಡಿದು ನಿಲ್ಲಿಸಿದ್ದು ಆ ಗುರುಗಳ ಮಾತು ಎನ್ನುತ್ತಿದ್ದರು. ಆ ಓದಿಗೆ ಎದುರು ಕೂತು ವಾದಿಸುವವರು ಬೇಕು. ಗೆಳೆಯರು ಅರ್ಧಕ್ಕೆ ಬಿಟ್ಟ ಅಧ್ಯಾಯವನ್ನು ಅವರ ವರ್ಷದ ದಿನದೊಳಗೆ ಮುಗಿಸಬೇಕಿತ್ತು.

ಉಡುಪಿಯಲ್ಲಿ ಟೀಚರಾಗಿದ್ದ ಅಮ್ಮ ಎದುರು ಕೂರಲು ಒಪ್ಪಿದಳು. ನಡುವೆ ನಾನು ದುಭಾಷಿ. ಅವರು ಏನು ಹೇಳಿದರೂ ಅಮ್ಮ ತಲೆಯಾಡಿಸಿ "ಹೌದು, ಸರಿಯೇ" ಎನ್ನುತ್ತಿದ್ದಳು. ಹಿರಿಯರಿಗೆ ನಾವು ಕೊಡುವ ಮರ್ಯಾದೆ ಅದು. ಒಂದು ದಿನ ಅವರು ಪುಸ್ತಕ ಮುಚ್ಚಿದರು.

"ನಿಮ್ಮ ತಾಯಿ ಎಲ್ಲದಕ್ಕೂ ಒಪ್ಪಿದರೆ ನಾನು ಇದನ್ನು ಮುಗಿಸುವುದು ಹೇಗೆ?"

"ಎಂತ ಮಾರಾಯ್ತಿ, ಇವರಿಗೆ ಜಗಳ ಬೇಕಾ?" ಅಮ್ಮ ಕೇಳಿದಳು.

"ಬೇಕಂತೆ."

"ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು? ನಿನ್ನಪ್ಪನ ಹತ್ರ ಇಷ್ಟು ವರ್ಷ ನಾನು ಮಾಡಿದ್ದೇ ಅದು."

ಅಂದಿನ ವಿಷಯ ಅವರ ಚಳಿಗಾಲದ ಎಂಟು ದಿನದ ದೀಪದ ಹಬ್ಬ. ಮೊದಲ ದಿನ ಒಂದು ದೀಪ ಹಚ್ಚಿ ದಿನಕ್ಕೊಂದು ಹೆಚ್ಚಿಸಬೇಕು ಎಂದಿತು ಒಂದು ಗುರುಮನೆ. ಎಂಟರಿಂದ ಶುರುಮಾಡಿ ಇಳಿಸುತ್ತ ಬರಬೇಕು ಎಂದಿತು ಇನ್ನೊಂದು. ಲೋಕ ನಡೆದದ್ದು ಮೊದಲನೆಯವರ ಹಿಂದೆ. ಆದರೂ ಸೋತವರ ಮಾತು ಪುಸ್ತಕದಲ್ಲಿ ಉಳಿದಿದೆ. ಗೆದ್ದ ಗುರುಮನೆಯವರು ಎದುರಾಳಿಗಳ ಮಾತನ್ನೇ ಮೊದಲು ಹೇಳಿ, ಆಮೇಲೆ ತಮ್ಮದನ್ನು ಹೇಳುತ್ತಿದ್ದರಂತೆ.

"ನಮ್ಮ ಚರ್ಚಲ್ಲಿ ಕ್ರಿಸ್ಮಸ್ಸಿಗೆ ಮೊದಲು ವಾರಕ್ಕೊಂದು ಮೇಣದಬತ್ತಿ ಹೆಚ್ಚು ಮಾಡ್ತೇವೆ," ಎಂದಳು ಅಮ್ಮ. "ಆದ್ರೂ ನಾನು ಸೋತವರ ಕಡೆ. ಎಂಟು ಉರಿಯುವಾಗ ಯಾರು ನೋಡ್ತಾರೆ? ಒಂದೇ ಉಳಿದಾಗ ಎಲ್ಲರೂ ನೋಡ್ತಾರೆ. ಹೇಳು ಅವರಿಗೆ."

ಹೇಳಿದೆ. ಅವರು ಪುಸ್ತಕ ತೆರೆದು, ಅಮ್ಮ ಹೇಳಿದ್ದು ತಪ್ಪೆಂದು ಒಂದು ಗಂಟೆ ವಾದಿಸಿದರು. ಅಂಥ ಖುಷಿಯನ್ನು ಆ ಮುಖದಲ್ಲಿ ನಾನು ಕಂಡಿರಲಿಲ್ಲ.

ಅಧ್ಯಾಯ ಮುಗಿಯಿತು. ಗೆಳೆಯರ ವರ್ಷದ ದಿನ ಕೆಳಗಿನ ಫ್ಲ್ಯಾಟಿನಲ್ಲಿ ಕೇಕು, ಸಣ್ಣ ಲೋಟಗಳಲ್ಲಿ ವೈನು, ನೆಂಟರು. ಹಿರಿಯರು ಎದ್ದು ನಿಂತು, "ಮೇಲಿನ ಮನೆಯ ಟೀಚರ್ ಹೀಗೆ ಹೇಳುತ್ತಾರೆ" ಎಂದು ಶುರುಮಾಡಿದರು.

ಅಮ್ಮ ನನ್ನ ಮೊಣಕೈ ತಿವಿದಳು. "ಎಂತ ಹೇಳಿದ್ರು?"

"ನೀನು ಹೇಳಿದ್ದೇ. ಅವರದ್ದು ಆಮೇಲೆ."

ಅಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಈಸ್ಟ್ ಹ್ಯಾಮಿನ ಸೀರೆ ಅಂಗಡಿಯಲ್ಲೂ ವರ್ಷಗಟ್ಟಲೆ ಇದನ್ನೇ ಹೇಳಿದಳು: "ರಬ್ಬಿಗಳ ಲೆಕ್ಕದಲ್ಲಿ ನಂದು ಮೊದಲು." ನಾನೂ ಹೇಳಿಕೊಂಡು ತಿರುಗಿದ್ದೇನೆ. ಈಗಲೂ ಹೆಮ್ಮೆಯೇ.

ಆದರೆ ಆ ಹಿರಿಯರು ಅಂದು ಇಂಗ್ಲಿಷಿನಲ್ಲಿ ಹೇಳಿದ ಅಮ್ಮನ ಮಾತು ನನ್ನ ಬಾಯಿ ದಾಟಿ ಹೋದದ್ದು. ಅದರಲ್ಲಿ ಅಮ್ಮನದೆಷ್ಟು, ನಾನು ಸೇರಿಸಿದ್ದೆಷ್ಟು, ನನಗೆ ಗೊತ್ತಿಲ್ಲ.