ಮೇಜು ಹತ್ತಿ ಹೇಳಿದ ಮಾತು

ನಮ್ಮ ಕಂಪನಿ ಯಜಮಾನರ ಕೊರಳಲ್ಲಿ ಸದಾ ಒಂದು ಕುಕ್ಕರ್ ಗ್ಯಾಸ್ಕೆಟ್ ನೇತಾಡುತ್ತಿತ್ತು. ಕತ್ರಿಗುಪ್ಪೆಯ ಅವರ ಸಣ್ಣ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದೇ ಅದು. ಹೊಸ ರಬ್ಬರು ಬಂದಾಗಲೆಲ್ಲ ಒಂದನ್ನು ಹಾಕಿಕೊಂಡು ವಾರಗಟ್ಟಲೆ ಓಡಾಡುತ್ತಿದ್ದರು, ಮದುವೆಮನೆಗೂ. "ಜನ ಉಣ್ಣೋ ಅನ್ನಕ್ಕೆ ತಾಗೋದು. ತುರಿಕೆ ಬಂದ್ರೆ ಮೊದ್ಲು ನಂಗೇ ಬರ್ಲಿ," ಎನ್ನುತ್ತಿದ್ದರು. ಅರೆಹುಚ್ಚು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ತೊಂಬತ್ತರ ದಶಕದಲ್ಲಿ ಟೈಪಿಸ್ಟ್ ಆಗಿ ಸೇರಿದ ನಾನೂ ಮೊದಮೊದಲು ಅದನ್ನೇ ನಂಬಿದ್ದೆ.

ಆಯುಧಪೂಜೆಯ ದಿನ ಯಂತ್ರಗಳಿಗೆ ಮಂಗಳಾರತಿಯಾಗಿ, ಪುರಿ ಬೂಂದಿ ಹಂಚಿದ ಮೇಲೆ ಸಿನಿಮಾ. ಪ್ರತಿವರ್ಷ ಅದೇ ಕ್ಯಾಸೆಟ್ಟು: ಯಾರೋ ಸ್ನೇಹಿತರು ತಂದುಕೊಟ್ಟ, ಕಂಪನಿಯೊಂದರ ತಿಕ್ಕಲು ಮಾಲೀಕನ ಕತೆಯಿದ್ದ ಹಳೇ ಫ್ರೆಂಚ್ ಹಾಸ್ಯಚಿತ್ರ. ಫ್ರೆಂಚ್ ನಮಗೂ ಬಾರದು, ಅವರಿಗೂ ಬಾರದು. ಟೀವಿಯ ದನಿ ಅಡಗಿಸಿ, ಮೈಕು ಹಿಡಿದು, ಎಲ್ಲ ಪಾತ್ರಗಳಿಗೂ ತಾವೇ ಕನ್ನಡದಲ್ಲಿ ಮಾತು ಹೊಸೆಯುತ್ತಿದ್ದರು. ನಕ್ಕು ನಕ್ಕು ನಮಗೆ ಹೊಟ್ಟೆ ಹುಣ್ಣಾಗುತ್ತಿತ್ತು. ಸಿನಿಮಾದ ಆ ಮಾಲೀಕ ಮೇಜು ಹತ್ತಿ ತನ್ನ ಕೆಲಸಗಾರರಿಗೆ ಭಾಷಣ ಮಾಡುವಾಗ ಮಾತ್ರ ಎಲ್ಲರೂ ಕಿವಿ ನಿಮಿರಿಸಿ ಕೂರುತ್ತಿದ್ದೆವು. ಬೋನಸ್ಸೋ ರಜೆಯೋ, ಅವನ ಬಾಯಲ್ಲಿ ತಾವು ಹೇಳಿಸಿದ್ದನ್ನು ಯಜಮಾನರು ತಪ್ಪದೆ ನಡೆಸುತ್ತಿದ್ದರು.

ಒಂದು ವರ್ಷ ಆರ್ಡರು ಕುಸಿಯಿತು. ಗ್ಯಾಸ್ಕೆಟ್ಟಿನ ಅಂಚು ಕತ್ತರಿಸುವ ನಾಲ್ವರು ಹೆಂಗಸರನ್ನು ಹಬ್ಬ ಕಳೆದ ಮೇಲೆ ಬಿಡಿಸುವುದೆಂದು ಮಾತಾಗಿತ್ತು. ಆ ಸಲ ಯಜಮಾನರಿಗೆ ಗಂಟಲು ಕಟ್ಟಿತ್ತು. "ನೀನೇ ಮಾತಾಡಮ್ಮ," ಎಂದು ಪಿಸುಗುಟ್ಟಿ ಮೈಕನ್ನು ನನ್ನ ಕೈಗಿಟ್ಟರು.

ಮಾಲೀಕ ಮೇಜು ಹತ್ತಿದ. ಆ ನಾಲ್ವರು ಮುಂದಿನ ಸಾಲಿನಲ್ಲೇ ಕೂತಿದ್ದರು, ಮಡಿಲಲ್ಲಿ ಪುರಿ ಹಾಗೇ ಇತ್ತು. "ಯಾರನ್ನೂ ಬಿಡ್ಸಲ್ಲ. ಇರೋ ಕೆಲ್ಸಾನ, ಇರೋ ಸಂಬಳಾನ ಎಲ್ರೂ ಹಂಚ್ಕೊಳೋಣ," ಎಂದುಬಿಟ್ಟೆ.

ನನ್ನ ಕೆಲಸವೂ ಹೋಯಿತು ಅಂದುಕೊಂಡೆ. ಯಜಮಾನರು ಕೊರಳ ಗ್ಯಾಸ್ಕೆಟ್ಟನ್ನು ತಿರುಗಿಸುತ್ತ ಕೂತಿದ್ದವರು, ಒಡೆದ ದನಿಯಲ್ಲಿ, "ಫ್ರೆಂಚು ಚೆನ್ನಾಗ್ ಬರುತ್ತಲ್ಲಮ್ಮ ನಿಂಗೆ!" ಎಂದು ನಕ್ಕರು. ಲೆಕ್ಕ ನೋಡುವವರು ಏನೋ ಹೇಳಲು ಎದ್ದರು.

"ಮೇಜು ಹತ್ತಿ ಹೇಳಾಯ್ತಲ್ರೀ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಕೂತ್ಕೊಳ್ಳಿ," ಎಂದರು ಯಜಮಾನರು.

ಕೆಲಕಾಲ ಎಲ್ಲರ ಸಂಬಳವೂ ಇಳಿಯಿತು, ಅವರದೂ. ಬೇಸಿಗೆಗೆ ಆರ್ಡರು ಮರಳಿತು. ಮುಂದಿನ ಹಬ್ಬಕ್ಕೆ ಅವರ ಗಂಟಲು ಗಟ್ಟಿಯಾಗಿದ್ದರೂ ಮೈಕು ನನಗೇ ಬಂತು.

ಅವರು ಹೋಗಿ ವರ್ಷಗಳಾದವು. ಕಾರ್ಖಾನೆಯನ್ನು ಮಗಳು ನಡೆಸುತ್ತಿದ್ದಾರೆ, ಸಿನಿಮಾವೂ ನಡೆಯುತ್ತಿದೆ. ನಾಲ್ಕು ಜನರೆದುರು ಬಾಯಿ ಬಿಡುವ ಧೈರ್ಯ ನನಗೆ ಅವರು ಕೊಟ್ಟದ್ದು. ಆ ಋಣ ತೀರುವಂಥದ್ದಲ್ಲ. ಕಳೆದ ಹಬ್ಬಕ್ಕೆ ಮೈಕನ್ನು ಆ ನಾಲ್ವರಲ್ಲಿ ಒಬ್ಬಳಿಗೆ ದಾಟಿಸಿದೆ. ಮಾಲೀಕ ಮೇಜು ಹತ್ತಿದ. ಅವಳು ಗಂಟಲು ಸರಿಮಾಡಿಕೊಂಡು, "ಇನ್ಮೇಲೆ ಮಧ್ಯಾಹ್ನದೂಟ ಕಂಪನೀದೇ!" ಎಂದಳು.

ಯಜಮಾನರ ಮಗಳು ನನ್ನತ್ತ ತಿರುಗಿ, ಅಪ್ಪನ ಹಾಗೆಯೇ ನಕ್ಕರು. "ಇವ್ರಿಗೂ ಫ್ರೆಂಚ್ ಬರುತ್ತಾ ಆಂಟಿ?"