ದೊಡ್ಡಪ್ಪನ ಉದ್ದನೆಯ ಶನಿವಾರ

ಆಗ ನಾನು ಕೆ.ಆರ್. ಪೇಟೆಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಸಿಂಧಘಟ್ಟದ ನನ್ನ ದೊಡ್ಡಪ್ಪ ಹಸು ಸಾಕುವುದರಲ್ಲಿ ಹೆಸರು ಮಾಡಿದವರು. ತೊಂಬತ್ತರ ದಶಕದ ಒಂದು ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಹೈನುಗಾರಿಕೆ ನೋಡಿಬರಲು ರೈತರ ತಂಡವೊಂದು ಹೊರಟಾಗ ಅವರನ್ನೂ ಸೇರಿಸಿಕೊಂಡರು. ಅದಕ್ಕೆ ಮೊದಲು ಅವರು ಹೋಗಿದ್ದ ಅತಿ ದೂರದ ಊರು ತಿರುಪತಿ.

ಹೊರಡುವ ವಾರ ಟಿಕೆಟ್ಟು ಹಿಡಿದುಕೊಂಡು ಶಾಲೆಗೇ ಬಂದರು.

“ಬೊಂಬಾಯಿಂದ ಲಂಡನ್ನು ಎಷ್ಟು ದೂರ ಐತವ್ವ?”

ಸ್ಟಾಫ್ ರೂಮಿನ ಗ್ಲೋಬಿನ ಮೇಲೆ ದಾರ ಎಳೆದು ಅಳೆದೆ. ಏಳು ಸಾವಿರ ಕಿಲೋಮೀಟರಿಗೆ ಸ್ವಲ್ಪ ಮೇಲೆ ಬಂತು. ಒಂಬತ್ತೂವರೆ ಗಂಟೆಯ ದಾರಿ ಎಂದೆ.

“ಬೆಳಿಗ್ಗೆ ಏಳಕ್ಕೆ ಒಂಟು ಮಧ್ಯಾನ ಅನ್ನೆರಡಕ್ಕೆ ಇಳಿತೀವಿ ಅಂತ ಇದ್ರಲ್ಲಿ ಬರ್ದವ್ರೆ. ಐದೇ ಗಂಟೆ ಆಯ್ತು. ಮಕ್ಕಳಿಗೂ ಇಂಗೇ ಏಳ್ಕೊಡ್ತೀಯಾ?”

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ ಎಂದು ವಿವರಿಸಿದೆ. ದೊಡ್ಡಪ್ಪ ಟಿಕೆಟ್ಟನ್ನು ಜೇಬಿಗೆ ಹಾಕಿಕೊಂಡು, ತಾವು ಕೇಳಲು ಬಂದಿದ್ದ ವಿಷಯಕ್ಕೆ ಬಂದರು. ವಿಮಾನ ಇದ್ದದ್ದು ಶನಿವಾರ. ಮೂವತ್ತು ವರ್ಷದಿಂದ ಅವರದು ಶನಿವಾರ ಒಪ್ಪೊತ್ತು. ಸೂರ್ಯ ಮುಳುಗಿ ದೀಪ ಹಚ್ಚಿದ ಮೇಲೆ ಒಂದೇ ಊಟ.

“ಅವತ್ತು ಎಷ್ಟೊತ್ತಿಗೆ ಉಣ್ಣಬೋದು?”

“ಅಲ್ಲೂ ಏಳರ ಹೊತ್ತಿಗೆ ಸೂರ್ಯ ಮುಳುಗ್ತಾನೆ. ನಮ್ಮ ಲೆಕ್ಕಕ್ಕೆ ನಾಲ್ಕೂವರೆ ಗಂಟೆ ತಡ, ಅಷ್ಟೇ.”

“ಅಷ್ಟು ತಡ್ಕತೀನಿ ಬುಡು.”

ಬೆಲ್ಲು ಹೊಡೆದಿತ್ತು, ನಾನು ತರಗತಿಗೆ ಓಡುವ ಅವಸರದಲ್ಲಿದ್ದೆ. ಜೂನಿನಲ್ಲಿ ಅಲ್ಲಿ ಸೂರ್ಯ ಒಂಬತ್ತು ದಾಟಿದರೂ ಮುಳುಗುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಪ್ರತಿ ವರ್ಷ ಆ ಪಾಠ ಮಾಡುತ್ತಿದ್ದೆ. ಆ ಹೊತ್ತಿಗೆ ಹೊಳೆಯಲಿಲ್ಲ.

ಮುಂದಿನದನ್ನು ತಂಡದ ಜೊತೆ ಹೋಗಿದ್ದ ಪಾಂಡವಪುರದ ದನದ ಡಾಕ್ಟರು ಹೇಳಿದರು. ವಿಮಾನದಲ್ಲಿ ಎರಡು ಸಲ ಊಟ ಬಂತು. ಎರಡು ಸಲವೂ ದೊಡ್ಡಪ್ಪ ಕೈಮುಗಿದು ವಾಪಸು ಕಳಿಸಿದರು. ಲಂಡನ್ನಿನಲ್ಲಿ ಸಂಜೆ ಆರೂವರೆಗೆ ಹೋಟೆಲಿನ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಏಳಾಯಿತು, ಎಂಟಾಯಿತು. ಹೊರಗೆ ಬಿಸಿಲಿತ್ತು.

ಡಾಕ್ಟರಿಗೆ ಗಾಬರಿಯಾಯಿತು. “ಗೌಡ್ರೇ, ನಮ್ಮೂರಲ್ಲಿ ಈಗ ಎಲ್ರೂ ಉಂಡು ಮಲಗವ್ರೆ. ನೀವೂ ಏನಾರ ತಿಂದ್ಬುಡಿ.”

“ಅವ್ರು ಮಲಗವ್ರೆ. ಇವ್ನಿನ್ನೂ ಮಲಗಿಲ್ವಲ್ಲ,” ಎಂದು ದೊಡ್ಡಪ್ಪ ಸೂರ್ಯನ ಕಡೆ ಕೈತೋರಿಸಿದರಂತೆ.

ಒಂಬತ್ತೂವರೆಯ ಹೊತ್ತಿಗೆ ಸೂರ್ಯ ಹೋದ. ದೊಡ್ಡಪ್ಪ ಮೇಜಿನ ಮೇಲಿದ್ದ ಕರೆಂಟಿನ ದೀಪದ ಸ್ವಿಚ್ಚು ಹಾಕಿ, ಅದಕ್ಕೇ ಕೈಮುಗಿದು, ದೊಡ್ಡಮ್ಮ ಕಟ್ಟಿಕೊಟ್ಟಿದ್ದ ಹುರಿಹಿಟ್ಟನ್ನು ಹಾಲಿನಲ್ಲಿ ಕಲಸಿಕೊಂಡು ತಿಂದರು.

ಅವರು ಊರಿಗೆ ಬಂದ ಮೇಲೆ ಸಿಂಧಘಟ್ಟಕ್ಕೆ ಹೋಗಿ, ತಪ್ಪಾಯಿತು ಎಂದೆ.

“ನಿಂದೇನವ್ವ ತಪ್ಪು? ದೂರ ಸರಿಯಾಗೇ ಏಳಿದ್ದೆ. ಸೂರ್ಯನ್ನೇನು ನೀನು ಇಡ್ಕಂಡಿದ್ಯಾ?” ಎಂದು ನನ್ನನ್ನು ಊಟಕ್ಕೆ ಕೂರಿಸಿದರು.

ಆ ತಿಂಗಳೆಲ್ಲ ಊರಿನವರು ಜಗುಲಿಗೆ ಬಂದು ಆ ಶನಿವಾರದ ಕತೆ ಕೇಳಿಕೊಂಡು ಹೋದರು. ದೊಡ್ಡಪ್ಪ ಅಲ್ಲಿನ ಹಸುಗಳ ವಿಚಾರವಾಗಿ ಡಾಕ್ಟರ ಕೈಲಿ ಒಂದು ನೋಟ್‌ಬುಕ್ ತುಂಬ ಬರೆಸಿಕೊಂಡು ಬಂದಿದ್ದರು. ಅದನ್ನು ಯಾರೂ ಕೇಳಲಿಲ್ಲ.